ಮೊದಲ ಮೂರು ಸಾಲು

ನಮ್ಮ ಅತ್ತೆ ಆ ಫೋನಿಗೆ ಕಾಫಿಯೊಂದನ್ನು ಕೊಡಲಿಲ್ಲ. ಮಿಕ್ಕ ಮರ್ಯಾದೆಯೆಲ್ಲ ಆಯಿತು. ಜಗಲಿ ಒರೆಸಿ, ಚಾಪೆ ಹಾಸಿ, ಚಾಪೆಯ ಮೇಲೆ ಟವೆಲ್ ಮಡಿಸಿಟ್ಟು, ಅದರ ಮೇಲೆ ಫೋನನ್ನು ಒರಗಿಸಿ, ತಾವು ಎದುರಿಗೆ ಬರಿ ನೆಲದಲ್ಲಿ ಕೂತರು. "ವಾಂಗ, ಬನ್ನಿ ಸಾರ್, ಸೌಖ್ಯವಾ?" ಅಂದರು. ಫೋನು, "ನಮಸ್ಕಾರ. ನಿಮ್ಮ ದ್ರಾಕ್ಷಿ ತೋಟದ ಕೆಲಸದಲ್ಲಿ ಜೊತೆಗಿರಲು ನನಗೆ ಸಂತೋಷ" ಅಂದಿತು. ಅತ್ತೆ ಕಣ್ಣರಳಿಸಿ ನನ್ನ ಕಡೆ ತಿರುಗಿದರು. "ಎಷ್ಟು ನಯವಾಗಿ ಮಾತಾಡ್ತದೆ ನೋಡು ತಾಯಿ! ಮದ್ವೆ ಪತ್ರಿಕೆ ಓದ್ದಂಗೆ ಅದೆ."

ನಾನು ಬಾಗಿಲಿಗೆ ಒರಗಿ ಹಲ್ಲು ಕಡಿಯುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಟ್ಟು ಬರೆಯುವುದಕ್ಕೆ ನನಗೆ ಬರುವುದಿಲ್ಲ. ಹದಿನೆಂಟು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಸಿಕ್ಕದ ಚಾಪೆ ಈ ಅಂಗೈ ಅಗಲದ ಗಾಜಿಗೆ ಸಿಕ್ಕಿತಲ್ಲಾ ಎಂದು ಒಳಗೊಳಗೇ ಉರಿಯುತ್ತಿತ್ತು.

ನಮ್ಮದು ಕಂಬಂ ಕಣಿವೆಯ ಓಡೈಪಟ್ಟಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮವರು ಇಲ್ಲಿಗೆ ಬಂದು ಎಷ್ಟು ತಲೆಮಾರಾಯಿತು ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ಶಾಲೆಯಲ್ಲಿ ನಾನು ಕಲಿತದ್ದು ತಮಿಳು ಅಕ್ಷರ. ಕನ್ನಡ ಅಕ್ಷರವನ್ನು ಮದುವೆಯಾದ ಮೇಲೆ ಹಟಕ್ಕೆ ಬಿದ್ದು ಕಲಿತೆ, ಅದಕ್ಕೇ ಈ ಬರವಣಿಗೆ. ನನ್ನ ಯಜಮಾನರು ದ್ರಾಕ್ಷಿ ಸಾಗಿಸುವ ವ್ಯಾನ್ ಓಡಿಸುತ್ತಾರೆ. ವಾರದಲ್ಲಿ ಐದು ದಿನ ತೇನಿ, ದಿಂಡಿಗಲ್ ಎಂದು ರಸ್ತೆಯಲ್ಲೇ ಇರುವವರು, ಆದ್ದರಿಂದ ಈ ಕಥೆಯಲ್ಲಿ ಅವರಿಗೆ ಹೆಚ್ಚು ಕೆಲಸವಿಲ್ಲ. ತೋಟ ನಡೆಸುವವರು ಅತ್ತೆ ಮತ್ತು ನಾನು.

ತೋಟದಲ್ಲಿ ಇಪ್ಪತ್ತೆರಡು ಸಾಲು ಪನ್ನೀರ್ ದ್ರಾಕ್ಷಿ. ಕಲ್ಲುಕಂಬ ನೆಟ್ಟು, ಮೇಲೆ ತಂತಿ ಬಿಗಿದು ಹಬ್ಬಿಸಿದ ಚಪ್ಪರ. ಅದನ್ನು ನಾವು ಪಂದಲ್ ಅನ್ನುತ್ತೇವೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅತ್ತೆ ತಮ್ಮ ಕೈಯಾರೆ ಒಂದೊಂದೇ ಕಡ್ಡಿ ನೆಟ್ಟು ಎಬ್ಬಿಸಿದ ಬಳ್ಳಿಗಳು. ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೆ ಮುಂಚೆ ಒಂದು ಸಲ ಪಂದಲ್ ಕೆಳಗೆ ನಡೆದು ಬಾರದಿದ್ದರೆ ಅವರಿಗೆ ದಿನವೇ ಶುರುವಾಗುವುದಿಲ್ಲ. ಮಂಡಿ ನೋವು, ಸಕ್ಕರೆ, ಪೊರೆ ತೆಗೆಸಿದ ಕಣ್ಣು ಎಲ್ಲವೂ ಇವೆ. ಪಂದಲ್ ಕೆಳಗೆ ಹೊಕ್ಕರೆ ಮಾತ್ರ ಹುಡುಗಿಯ ಹಾಗೆ ನಡೆಯುತ್ತಾರೆ.

ಆ ಬಳ್ಳಿಗಳನ್ನು ಕಿತ್ತು ಹಾಕಬೇಕು ಎಂದವನು ನನ್ನ ಮೈದುನ, ಅತ್ತೆಯ ಕಿರಿಯ ಮಗ. ವೇದಸಂದೂರಿನ ಹತ್ತಿರ ಒಂದು ನೂಲಿನ ಮಿಲ್ಲಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ, ಅಲ್ಲೇ ಸಂಸಾರ. ತೋಟದಲ್ಲಿ ಅವನಿಗೂ ಪಾಲುಂಟು. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಹಿಂದಿನ ಮೂರು ಬೆಳೆಯೂ ಹೂ ಬಿಡುವ ತನಕ ಜೋರಾಗಿದ್ದು, ಆಮೇಲೆ ಎಲ್ಲಿ ಏನಾಯಿತೋ ಎಂಬಂತೆ ಅರ್ಧಕ್ಕೆ ಕೈಕೊಟ್ಟಿದ್ದವು. ಪುರಟ್ಟಾಸಿ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಗೆ, ಕಡ್ಡಿ ಸವರುವ ಕೆಲಸ ಮುಗಿದ ದಿನ ಅವನು ಬಂದು ಜಗಲಿಯ ಮೇಲೆ ಕೂತು ಖಂಡಿತವಾಗಿ ಹೇಳಿಬಿಟ್ಟ.

"ಅವ್ವಾ, ಇದೊಂದು ಬೆಳೆ ನೋಡುವ. ಮತ್ತೆ ಕೈಕೊಟ್ರೆ ಬಳ್ಳಿ ಕಿತ್ತು ತೆಂಗು ಹಾಕುವ. ನೆಟ್ಟು ನೀರು ಬಿಟ್ರೆ ಆಯ್ತು, ನಿಮ್ಗೂ ಇಷ್ಟು ಪಾಡು ಇರಲ್ಲ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು. ಆಗ ಮೈದುನ ಜೇಬಿನಿಂದ ಈ ಫೋನು ತೆಗೆದ. ದ್ರಾಕ್ಷಿ ಬೆಳೆಯುವವರಿಗಾಗಿ ಮಾಡಿದ ಎಐ ಇದರಲ್ಲಿ ಹಾಕಿಸಿದ್ದೇನೆ, ದಿನಾ ಹತ್ತು ಎಲೆಯ ಚಿತ್ರ ತೆಗೆದು ಕಳಿಸಬೇಕು, ಅದು ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಹೇಳಬೇಕು, ಯಾವಾಗ ಔಷಧಿ ಹೊಡೆಯಬೇಕು, ಯಾವಾಗ ಬೇಡ ಎಂದು ಅದು ಹೇಳುತ್ತದೆ ಎಂದು ವಿವರಿಸಿದ. "ಇನ್ಮೇಲೆ ನೀವು ಮೂರು ಜನ ಒಂದು ಟೀಮ್. ಅವ್ವ, ಅತ್ತಿಗೆ, ಇದು. ಮಿಲ್ಲಲ್ಲಿ ನಮ್ಗೂ ಇಂಗೇ ಒಂದು ಅದೆ ಅತ್ತಿಗೆ. ಮಿಷಿನ್ ಕೆಡೋದಕ್ಕೆ ಮುಂಚೆನೇ ಯೋಳ್ತದೆ." ವಾರಕ್ಕೊಮ್ಮೆ ತೋಟದ ವರದಿ ತನ್ನ ಫೋನಿಗೂ ಬರುತ್ತದೆ ಎಂದು ಕೊನೆಗೆ ಸೇರಿಸಿದ.

ಆ ಕೊನೆಯ ಮಾತು ನನ್ನ ಕಿವಿಗೆ ನಾಟಿತು. ಓಹೋ, ಟೀಮ್ ಎಂದರೆ ಇದೇ ಏನು, ಗೂಢಚಾರನನ್ನು ತಂದು ನಡುಮನೆಯಲ್ಲಿ ಕೂರಿಸಿ ಹೋಗುವುದು ಎಂದುಕೊಂಡೆ. ಅತ್ತೆಗೆ ಅಂಥ ಅನುಮಾನವಿರಲಿಲ್ಲ. ಅವರ ಲೆಕ್ಕದಲ್ಲಿ ಮನೆಗೆ ದೊಡ್ಡ ಮನುಷ್ಯರೊಬ್ಬರು ಬಂದಿದ್ದರು.

ತೋಟ ನೋಡುವುದಕ್ಕೆ ದೊಡ್ಡ ಮನುಷ್ಯರು ಬಂದರೆ ನಮ್ಮಲ್ಲಿ ಒಂದು ಕ್ರಮವುಂಟು. ಬಾವಿಯ ಪಕ್ಕದ ಕಾಲುದಾರಿಯಲ್ಲಿ ಕರೆದುಕೊಂಡು ಹೋಗಿ ಮೊದಲ ಮೂರು ಸಾಲು ತೋರಿಸುತ್ತೇವೆ. ಆ ಸಾಲುಗಳಿಗೆ ಬಿಸಿಲೂ ನೀರೂ ಹದವಾಗಿ ಸಿಗುವುದರಿಂದ ಎಲೆ ಎಣ್ಣೆ ಹಚ್ಚಿದ ಹಾಗಿರುತ್ತದೆ. ಮೂರನೆಯ ಸಾಲಿನ ಕೊನೆಗೆ ಬರುವ ಹೊತ್ತಿಗೆ ಮನೆಯಿಂದ ಎಳನೀರೋ ಮಜ್ಜಿಗೆಯೋ ಬಂದು, ಬಂದವರು ಕುಡಿದು, ಅಲ್ಲಿಂದಲೇ ಹಿಂತಿರುಗುತ್ತಾರೆ. ಅಧಿಕಾರಿಗೂ ಅಷ್ಟೇ, ವ್ಯಾಪಾರಿಗೂ ಅಷ್ಟೇ. ಸಂಬಂಧ ನೋಡಲು ಬಂದಿದ್ದ ನನ್ನ ಅಪ್ಪನಿಗೂ ಅಷ್ಟೇ! ಆ ಮೂರು ಸಾಲು ನೋಡಿಯೇ ಅವರು ನನ್ನನ್ನು ಈ ಮನೆಗೆ ಕೊಟ್ಟರು. ಹಿಂದಿನ ಹತ್ತೊಂಬತ್ತು ಸಾಲು ಹೇಗಿವೆ ಎಂದು ನಾನು ಮದುವೆಯಾದ ಮೇಲೆ ನೋಡಿದೆ.

ಹಣ್ಣಿನ ವಿಷಯದಲ್ಲೂ ಇದೇ ಕ್ರಮ. ತುಂಬಿದ ಗೊಂಚಲು ನೆಂಟರಿಗೆ, ಮಾರುಕಟ್ಟೆಗೆ. ಉದುರಿದ್ದು, ಸೀಳಿದ್ದು, ಗುಬ್ಬಿ ಕೊಕ್ಕಿಟ್ಟದ್ದು ಮನೆಯವರಿಗೆ. ಮೊರದ ತುಂಬ ಉದುರು ಹಣ್ಣು ಸುರಿದುಕೊಂಡು, ಸುತ್ತ ಕೂತು, ಬೀಜ ಅಂಗಳಕ್ಕೆ ಉಗಿಯುತ್ತಾ ತಿನ್ನುವುದು ಮನೆಯೊಳಗಿನವರ ಸುಖ. ನಿಜ ಹೇಳಬೇಕೆಂದರೆ ಅದರ ಸಿಹಿಯೇ ಹೆಚ್ಚು. ಹದಿನಾಲ್ಕು ವರ್ಷದ ಹಿಂದೆ ಮೈದುನ ವೇದಸಂದೂರಿಗೆ ಹೋಗಿ ಸಂಸಾರ ಹೂಡಿದ ಮೇಲೆ ಅವನಿಗೂ ಗೊಂಚಲಿನ ಬಾಕ್ಸ್ ಶುರುವಾಯಿತು. ಬರುತ್ತಿದ್ದ, ಮೂರು ಸಾಲು ನೋಡುತ್ತಿದ್ದ, ಮಜ್ಜಿಗೆ ಕುಡಿಯುತ್ತಿದ್ದ, ಬಾಕ್ಸ್ ಎತ್ತಿಕೊಂಡು ಹೋಗುತ್ತಿದ್ದ.

ಇನ್ನು ಫೋನಿಗೆ ಬೇರೆ ಕ್ರಮ ಎಲ್ಲಿಂದ ಬರಬೇಕು? ಸವರಿದ ಕಡ್ಡಿ ಚಿಗುರಿ ಎಲೆ ಬಿಟ್ಟ ಮೇಲೆ ದಿನಾ ಬೆಳಗ್ಗೆ ಅತ್ತೆ ಮುಂದೆ, ಫೋನು ಹಿಡಿದ ನಾನು ಹಿಂದೆ. ಮೊದಲ ಮೂರು ಸಾಲಿನಲ್ಲಿ ಅತ್ತೆ ಹೆಣ್ಣು ನೋಡುವವರ ಹಾಗೆ ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿ ಹತ್ತು ಆರಿಸುತ್ತಿದ್ದರು. ಸೆರಗಿನಿಂದ ಧೂಳು ಒರೆಸುತ್ತಿದ್ದರು. ಅಂಚು ಮಡಚಿಕೊಂಡಿದ್ದರೆ ಬೆರಳಿನಿಂದ ತೀಡುತ್ತಿದ್ದರು. ಆಮೇಲೆ, "ಈಗ ತೆಗಿ ತಾಯಿ" ಎನ್ನುತ್ತಿದ್ದರು.

ಫೋನು ಪ್ರತಿದಿನ, "ಕಳಿಸಿದ ಎಲೆಗಳು ಆರೋಗ್ಯವಾಗಿವೆ. ಇವುಗಳಲ್ಲಿ ರೋಗದ ಗುರುತು ಕಾಣುತ್ತಿಲ್ಲ. ಈ ಎಲೆಗಳ ಪ್ರಕಾರ ಇವತ್ತು ಸಿಂಪಡಣೆ ಬೇಕಾಗಿಲ್ಲ" ಅನ್ನುತ್ತಿತ್ತು. ಅತ್ತೆಗೆ ಅದನ್ನು ಎಷ್ಟು ಸಲ ಕೇಳಿದರೂ ಸಾಲದು. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು, "ಇವ್ರು ಏನ್ ಯೋಳ್ತಾರೆ ಕೇಳಿ" ಎಂದು ಮತ್ತೆ ಮತ್ತೆ ಹಾಕಿಸುತ್ತಿದ್ದರು. ಪಕ್ಕದ ಬಾಳೆತೋಟದವರು ಒಂದು ದಿನ, "ಇದು ಆಫೀಸರ್ ಕಡೆಯದಾ, ನಮ್ಮ ಕಡೆಯದಾ?" ಎಂದು ಕೇಳಿದರು. ಅತ್ತೆ ಅವರಿಗೆ, "ನೆಂಟ್ರ ಕಡೆಯದು" ಎಂದು ಬಿಟ್ಟರು.

ಹತ್ತು ಹದಿನೈದು ದಿನ ಹೀಗೆ ನಡೆಯಿತು. ಒಂದು ಬೆಳಗ್ಗೆ ಫೋನು, "ಒಂದು ವಿಷಯ ಕೇಳಬಹುದೇ? ನೀವು ಕಳಿಸುವ ಎಲೆಗಳು ದಿನವೂ ಬಹಳ ಒಂದೇ ರೀತಿ ಇರುತ್ತವೆ. ಇವು ತೋಟದ ಬೇರೆ ಬೇರೆ ಭಾಗಗಳ ಎಲೆಗಳೇ?" ಎಂದು ಕೇಳಿತು.

"ಆಮಾ, ಹೌದು ಸಾರ್" ಎಂದರು ಅತ್ತೆ, ಒಂದು ಚೂರೂ ಅಳುಕದೆ.

"ತಗ್ಗಿನ ಜಾಗ, ನೆರಳಿನ ಜಾಗ ಇದ್ದರೆ ಅಲ್ಲಿಂದಲೂ ಒಂದೆರಡು ಎಲೆ ಕಳಿಸಿದರೆ ನನಗೆ ಸಹಾಯವಾಗುತ್ತದೆ. ಏನಾದರೂ ತೊಂದರೆ ಕಂಡಿದೆಯೇ?"

"ಏನಿಲ್ಲ ಸಾರ್. ನಿಮ್ ಪುಣ್ಯದಲ್ಲಿ ಎಲ್ಲಾ ಸೌಖ್ಯ." ಮಾತು ಮುಗಿಸಿ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಬಂದವ್ರನ್ನ ಕರ್ಕೊಂಡೋಗಿ ಯಾರಾದ್ರೂ ಕೊಟ್ಟಿಗೆ ತೋರ್ಸ್ತಾರಾ?"

ನಾನೂ ಬಾಯಿ ಬಿಡಲಿಲ್ಲ. ನನ್ನ ಕಾರಣವೇ ಬೇರೆ. ಐಪ್ಪಸಿ ತಿಂಗಳ ಮಳೆ ಶುರುವಾಗಿತ್ತು. ಮೂರು ದಿನ ಬಿಟ್ಟೂ ಬಿಡದೆ ಹನಿದಿತ್ತು. ಹಿಂದಿನ ದಿನ ಮಳೆ ಬಿಟ್ಟ ಮಧ್ಯಾಹ್ನ ನಾನು ಮೇವು ಕೊಯ್ಯಲು ತೋಟದ ಪೂರ್ವ ಮೂಲೆಗೆ ಹೋದಾಗ ಕಡೆಯ ಐದು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಎಲೆಯ ಮೇಲೆ ಎಣ್ಣೆ ತೊಟ್ಟಿಕ್ಕಿದಂಥ ಹಳದಿ ಮಚ್ಚೆ ಕಂಡೆ. ಎಲೆ ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಜು. ನಮ್ಮ ಕಡೆ ಇದಕ್ಕೆ ಡೌನಿ ಅನ್ನುತ್ತಾರೆ. ಎಲೆಯಿಂದ ಹೂವಿಗೆ, ಹೂವಿನಿಂದ ಕಾಯಿಗೆ ಇಳಿದರೆ ಮುಗಿಯಿತು, ಗೊಂಚಲು ಒಣಗಿ ಉದುರುತ್ತದೆ. ಈ ಚಿತ್ರ ಫೋನಿಗೆ ಹೋದರೆ ಭಾನುವಾರದ ವರದಿಯಲ್ಲಿ ಮೈದುನನಿಗೆ ಹೋಗುತ್ತದೆ. ಮೈದುನನಿಗೆ ಹೋದರೆ ಬಳ್ಳಿಗೆ ಕೊಡಲಿ. ಅತ್ತೆಗೆ ಹೇಳಿದರೆ ಅವರು ಅನ್ನ ಬಿಟ್ಟು ಕೂರುತ್ತಾರೆ. ಸುತ್ತ ಯಾರೂ ಇಲ್ಲದ್ದು ನೋಡಿ, ಮಚ್ಚೆಯ ಎಲೆಗಳನ್ನು ಕಿತ್ತು ಮಡಿಲಿಗೆ ತುಂಬಿಕೊಂಡು, ಇಡೀ ತೋಟ ದಾಟಿ ಬಾವಿಯ ಹಿಂದೆ ಗುಂಡಿ ತೋಡಿ ಹೂತುಬಿಟ್ಟೆ. ಮರುದಿನವೂ ಅದೇ ಕೆಲಸ. ಅದರ ಮರುದಿನವೂ.

ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೇ ಹೋದೆ. ಪೂರ್ವ ಮೂಲೆಯಲ್ಲಿ ಸರಬರ ಸದ್ದು. ಬೆಟ್ಟದಿಂದ ಹಂದಿ ಇಳಿದಿದೆ ಎಂದುಕೊಂಡು ಪಂದಲ್‌ಗೆ ಆನಿಸಿದ್ದ ಕೋಲು ಎತ್ತಿ, "ಏಯ್!" ಎಂದು ಕೂಗುತ್ತಾ ನುಗ್ಗಿದೆ.

"ಒಡೀಬ್ಯಾಡ ತಾಯಿ, ನಾನು!"

ಅತ್ತೆ! ಮಂಡಿನೋವಿನ ಅತ್ತೆ ಇಪ್ಪತ್ತೆರಡನೆಯ ಸಾಲಿನ ಕೆಳಗೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆರು ತಿಂಗಳ ಬಸುರಿಯ ಹಾಗೆ ಉಬ್ಬಿದ ಮಡಿಲು ಹಿಡಿದು ನಿಂತಿದ್ದರು.

"ಇಷ್ಟೊತ್ತಿಗೆ ಇಲ್ಲೇನ್ ಮಾಡ್ತಿದ್ದೀರಿ ಅತ್ತೆ?"

"ಸುಮ್ನೆ. ಕಾಲಾಡ್ಸ್ಕೊಂಡು ಓಗುವ ಅಂತ ಬಂದೆ. ನೀನು?"

"ನಾನೂ ಸುಮ್ನೆ."

ಕೋಲು ಎತ್ತುವ ಭರದಲ್ಲಿ ನನ್ನ ಮಡಿಲು ಸಡಿಲವಾಗಿತ್ತು. ದಾರಿಯಲ್ಲಿ ಬರುತ್ತಾ ಕಿತ್ತುಕೊಂಡಿದ್ದ ಎರಡು ಮೂರು ಎಲೆ ಜಾರಿ ನಮ್ಮಿಬ್ಬರ ನಡುವೆ ಬಿದ್ದವು. ಹಳದಿ ಮಚ್ಚೆ ಮೇಲಾಗಿ ಬಿದ್ದವು. ಅತ್ತೆ ಎಲೆ ನೋಡಿದರು, ನನ್ನ ಮುಖ ನೋಡಿದರು, ಮೆಲ್ಲಗೆ ತಮ್ಮ ಮಡಿಲು ಬಿಚ್ಚಿದರು. ಒಂದು ರಾಶಿ ರೋಗದ ಎಲೆ ನನ್ನ ಕಾಲ ಮೇಲೆ ಸುರಿಯಿತು.

"ಎಷ್ಟು ದಿನದಿಂದ ತಾಯಿ?"

"ನಾಕು ದಿನ."

"ನಾನು ಐದು" ಎಂದರು ಅತ್ತೆ. ಅದರಲ್ಲೂ ಅವರಿಗೆ ಒಂದು ದಿನ ಮುಂದಿರಬೇಕು!

ನನಗೆ ಸಿಟ್ಟು ನೆತ್ತಿಗೇರಿತು. "ನನ್ಗೆ ಒಂದ್ ಮಾತು ಯೋಳಕ್ಕೆ ಏನಾಗಿತ್ತು ನಿಮ್ಗೆ?" ಎಂದು ಕೂಗಿದೆ. "ನಿನ್ಗೇನಾಗಿತ್ತು?" ಎಂದು ಅವರೂ ಕೂಗಿದರು. "ನೀವು ಅನ್ನ ಬಿಡ್ತೀರಿ ಅಂತ." "ನೀನು ಊರೆಲ್ಲಾ ಕೇಳಂಗೆ ಕಿರಿಚ್ತೀಯ ಅಂತ." ಆ ಮಾತು ಕೇಳಿ ಇನ್ನಷ್ಟು ಕಿರಿಚಲು ಬಾಯಿ ತೆರೆದವಳು ಹಾಗೇ ನಿಂತೆ. ಮೊದಲು ನಕ್ಕವರು ಅತ್ತೆ. ಆಮೇಲೆ ನನಗೂ ತಡೆಯಲಾಗಲಿಲ್ಲ. ರೋಗದ ಎಲೆಗಳ ಮೇಲೇ ಕುಕ್ಕರಿಸಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುತ್ತಾ ನಗುತ್ತಾ ಅತ್ತೆಯ ಕಣ್ಣಲ್ಲಿ ನೀರು ಬಂತು, ಅದು ಬರಿ ನಗುವಿನ ನೀರಲ್ಲ ಎಂದು ನನಗೆ ತಿಳಿಯಿತು. ಅವರ ಕೈ ಹಿಡಿದುಕೊಂಡೆ.

"ಬಳ್ಳಿ ಕಿತ್ರೆ ನಾನ್ ಬೆಳಗ್ಗೆ ಎದ್ದು ಎಲ್ಲಿ ಓಗ್ಲಿ ತಾಯಿ?" ಎಂದರು.

ಆಮೇಲೆ ಅವರೇ ಮೂಗು ಒರೆಸಿಕೊಂಡು, "ಡಾಕ್ಟ್ರ ಮುಂದೆ ಕೂತ್ಕೊಂಡು ನೋಯೋ ಕೈ ಬಿಟ್ಟು ಇನ್ನೊಂದು ಕೈ ತೋರ್ಸ್ದಂಗೆ ಆಯ್ತು ನಮ್ ಕತೆ. ಫೋನ್ ತಗೊಂಬಾ" ಎಂದರು. ವರದಿ ಮೈದುನನಿಗೆ ಹೋಗುತ್ತದಲ್ಲಾ ಎಂದೆ. "ಓಗ್ಲಿ ಬಿಡು. ಮೂಲೆ ಒಣಗಿದ್ಮೇಲೆ ಅವನ್ಗೆ ಗೊತ್ತಾಗ್ದೆ ಇರ್ತದಾ?"

ಮೊರ ತಂದು, ಅದರಲ್ಲಿ ರೋಗದ ಎಲೆಗಳನ್ನು ಹರಡಿ, ಎಲೆಯ ಮೇಲ್ಭಾಗದ್ದು ಒಂದು, ಅಡಿಯದ್ದು ಒಂದು ಎಂದು ಚಿತ್ರ ತೆಗೆದೆ. ಈ ಸಲ ಯಾವ ಎಲೆಯನ್ನೂ ಒರೆಸಲಿಲ್ಲ. ಅತ್ತೆ ಫೋನಿನ ಮುಂದೆ ಬಾಗಿ, ತಪ್ಪು ಒಪ್ಪಿಕೊಳ್ಳುವ ಮಕ್ಕಳ ಹಾಗೆ ಹೇಳಿದರು: "ಸಾರ್, ನಾವು ನಿಮ್ಗೆ ಮೊದಲ್ನೇ ಮೂರು ಸಾಲೇ ತೋರ್ಸ್ತಾ ಇದ್ವಿ. ಅದೂ ಒರ್ಸಿ ಒರ್ಸಿ. ಇದು ಮೂಲೇದು. ಐದು ದಿನ ಆಯ್ತು."

ಅದೇನಾದರೂ ಒಂದು ಮಾತು ಹೆಚ್ಚು ಕಮ್ಮಿ ಆಡಿದರೆ ಜಗಳಕ್ಕೆ ನಿಲ್ಲುವುದೇ ಎಂದು ನಾನು ಸೆರಗು ಬಿಗಿದು ನಿಂತಿದ್ದೆ. ಆದರೆ ಫೋನು, "ಹೇಳಿದ್ದು ತುಂಬ ಒಳ್ಳೆಯದಾಯಿತು. ಸಿಂಪಡಣೆ ಬೇಡ ಎಂದು ನಾನು ಹೇಳಿದ್ದು ಆ ಎಲೆಗಳನ್ನು ನೋಡಿ. ತೋಟದ ಬೇರೆ ಭಾಗ ನೋಡದೆ ಹಾಗೆ ಹೇಳಬಾರದಿತ್ತು. ಆ ಸಲಹೆ ಈಗ ಬೇಡ" ಎಂದಿತು. ತಾನು ಹೇಳಿದ್ದನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವವರನ್ನು ನಮ್ಮ ಮನೆಯಲ್ಲಿ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ನನ್ನನ್ನೂ ಸೇರಿಸಿ.

"ಕಿತ್ತ ಎಲೆಗಳನ್ನು ಏನು ಮಾಡಿದಿರಿ?" ಎಂದು ಕೇಳಿತು.

"ಮಡಿಲಲ್ಲಿ ಕಟ್ಕೊಂಡು ತೋಟ ದಾಟಿ ಹೂತೆ" ಎಂದೆ ನಾನು.

"ತೆರೆದ ಮಡಿಲಿನಲ್ಲಿ ಒಯ್ದರೆ ರೋಗ ದಾರಿಯ ಸಾಲುಗಳಿಗೂ ಉದುರಬಹುದು. ಇನ್ನು ಮುಂದೆ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ತೋಟದ ಅಂಚಿನಿಂದ ಒಯ್ಯಿರಿ." ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. ಅವರು ಒಯ್ದದ್ದು ಅಂಚಿನಿಂದಲೇ ಅಂತೆ. ಅದನ್ನು ಇವತ್ತಿನವರೆಗೂ ಬಿಟ್ಟಿಲ್ಲ, ಯಾರಾದರೂ ಸಿಕ್ಕಿದರೆ ಹೇಳುತ್ತಲೇ ಇರುತ್ತಾರೆ.

ಮಳೆ ಮತ್ತೆ ಬರುವ ಲಕ್ಷಣವಿದೆ, ಮೂಲೆಯ ಸಾಲುಗಳಿಗೂ ಪಕ್ಕದ ಸಾಲುಗಳಿಗೂ ಬೆಳಗ್ಗೆ ಬೇಗ ಔಷಧಿ ಹೊಡೆಯಿರಿ, ಯಾವ ಔಷಧಿ, ಎಷ್ಟು ಎಂಬುದನ್ನು ತೋಟಗಾರಿಕೆ ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ ಎಂದಿತು ಫೋನು. ಅತ್ತೆ ತಲೆ ಅಲ್ಲಾಡಿಸಿದರು. "ಬೆಳಗ್ಗೆ ಬೇಗ ಆಗಲ್ಲ. ಆ ಮೂಲೇಲಿ ಸ್ಕೂಲ್ ವ್ಯಾನ್ ಓಗೋ ತನಕ ಎಲೆ ಮೇಲೆ ಇಬ್ಬನಿ ಇರ್ತದೆ. ಪಕ್ಕದ ಬಾಳೆ ನೆರಳು. ಒಡೆದದ್ದೆಲ್ಲಾ ಜಾರಿ ನೆಲಕ್ಕೆ ಓಗ್ತದೆ."

"ಅದು ನನಗೆ ಗೊತ್ತಿರಲಿಲ್ಲ. ಚಿತ್ರದಲ್ಲಿ ಅದು ಕಾಣುವುದಿಲ್ಲ. ಹಾಗಾದರೆ ಎಲೆ ಒಣಗಿದ ಮೇಲೆ, ನೀವು ಹೇಳುವ ಹೊತ್ತಿಗೇ ಹೊಡೆಯೋಣ. ಆ ಮೂಲೆಯಲ್ಲಿ ನೀರು ನಿಲ್ಲುತ್ತದೆಯೇ?"

ಅಷ್ಟೇ ಸಾಕಾಯಿತು. ಇಪ್ಪತ್ತನಾಲ್ಕು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ! ಅತ್ತೆ ಬಾಯಿ ತೆರೆದವರು ಮುಚ್ಚಲಿಲ್ಲ. ಯಾವ ಕಂಬದ ಬುಡದಲ್ಲಿ ನೀರು ನಿಲ್ಲುತ್ತದೆ, ಯಾವ ಬಳ್ಳಿ ತಡವಾಗಿ ಚಿಗುರುತ್ತದೆ, ಗಾಳಿ ಯಾವ ತಿಂಗಳು ಎಲ್ಲಿಂದ ನುಗ್ಗುತ್ತದೆ ಎಂದು ಸಾಲು ಸಾಲಾಗಿ ಹೇಳಿದರು. ಅರ್ಧ ತಮಿಳು, ಅರ್ಧ ನಮ್ಮ ಮನೆಮಾತು. ತಿಳಿಯದ ಕಡೆ ಅದು ಮತ್ತೊಮ್ಮೆ ಕೇಳುತ್ತಿತ್ತು, ಇವರು ಮತ್ತೊಮ್ಮೆ ಹೇಳುತ್ತಿದ್ದರು. ನಾನು ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡು ಬಂದರೂ ಮಾತು ಮುಗಿದಿರಲಿಲ್ಲ. ಕೊನೆಯಲ್ಲಿ ಅತ್ತೆ ಅದನ್ನು, "ಸರಿ ತಂಬಿ, ನೀ ಇರು, ನಾನ್ ಉಂಡು ಬತ್ತೀನಿ" ಎಂದದ್ದು ನನ್ನ ಕಿವಿಗೆ ಬಿತ್ತು. ಸಾರ್ ಹೋಗಿ, ಮನೆಯ ಕಿರಿಯ ಹುಡುಗರನ್ನು ಕರೆಯುವ ತಂಬಿ ಆಗಿತ್ತು. ಚಾಪೆ ಟವೆಲ್ ಕೂಡ ಮರುದಿನದಿಂದ ಬಂದ್. ಫೋನು ಉಪ್ಪಿನ ಜಾಡಿಯ ಪಕ್ಕದಲ್ಲಿ ಒರಗತೊಡಗಿತು.

ಅವತ್ತು ಕಚೇರಿಯಲ್ಲಿ ಔಷಧಿ ಕೇಳಿಕೊಂಡು ಬಂದು, ಮರುದಿನ ಸ್ಕೂಲ್ ವ್ಯಾನ್ ಹೋದ ಮೇಲೆ ನಾನೇ ಹೊಡೆದೆ. ಅವತ್ತಿನಿಂದ ಎಲ್ಲ ಸಾಲಿನ ಎಲೆಯ ಚಿತ್ರಗಳೂ ಫೋನಿಗೆ ಹೋದವು, ಕೆಟ್ಟದ್ದೇ ಮೊದಲು. ಮೂಲೆಯ ಸಾಲಿನಲ್ಲಿ ಗೊಂಚಲಿನ ಸುತ್ತಲಿನ ಎಲೆಗಳನ್ನು ಪೂರಾ ತೆಗೆದು ಗಾಳಿ ಬಿಡಬಹುದೇ ಎಂದು ಒಮ್ಮೆ ಅದು ಕೇಳಿತು. ಗೊಂಚಲು ಬಿಸಿಲಿಗೆ ಬೆಂದು ಹೋಗುತ್ತದೆ, ಒಂದು ಬಿಟ್ಟು ಒಂದು ತೆಗೆದರೆ ಸಾಕು ಎಂದರು ಅತ್ತೆ. ಅದು ಒಪ್ಪಿತು. ಇನ್ನೊಮ್ಮೆ ಅತ್ತೆ ಔಷಧಿಯನ್ನು ಇನ್ನೊಂದು ಪಾಲು ಜಾಸ್ತಿ ಹಾಕುವ ಎಂದಾಗ ಅದು ಬೇಡವೆಂದು ಹಟ ಹಿಡಿಯಿತು, ಅತ್ತೆ ಗೊಣಗುತ್ತಾ ಒಪ್ಪಿದರು. ಇಬ್ಬರ ನಡುವೆ ನಾನು ಸಿಕ್ಕಿಕೊಂಡು ಇಬ್ಬರನ್ನೂ ಬೈಯುತ್ತಿದ್ದೆ. ಅಪ್ಪಾ, ಎಷ್ಟು ಚೆನ್ನಾಗಿದ್ದವು ಆ ದಿನಗಳು!

ವರದಿ ಹೋಗದೆ ಇರುತ್ತದೆಯೇ? ಭಾನುವಾರ ಹತ್ತು ಗಂಟೆಗೆ ಮೈದುನ ಬಂದಿಳಿದ. ಮುಖ ಗಂಟು. ಅಭ್ಯಾಸದ ಪ್ರಕಾರ ನಾನು ಮಜ್ಜಿಗೆ ಕಡೆಯಲು ಕೂತೆ, ಅವನು ಅಭ್ಯಾಸದ ಪ್ರಕಾರ ಬಾವಿಯ ಪಕ್ಕದ ಕಾಲುದಾರಿ ಹಿಡಿದ. ಅತ್ತೆ ಅವನ ರಟ್ಟೆ ಹಿಡಿದು ನಿಲ್ಲಿಸಿದರು.

"ಆ ಕಡೆ ಬ್ಯಾಡ ತಂಬಿ. ಈ ಕಡೆ ಬಾ."

ಕೆಸರು, ಮುಳ್ಳು, ಬಾಳೆಯ ನೆರಳು ದಾಟಿಸಿ ನೇರವಾಗಿ ಪೂರ್ವ ಮೂಲೆಗೆ ಕರೆದೊಯ್ದರು. ನಾನು ಮಜ್ಜಿಗೆ ಬಿಟ್ಟು ಹಿಂದೆಯೇ ಓಡಿದೆ. ಅತ್ತೆ ಒಂದು ರೋಗದ ಎಲೆ ಕಿತ್ತು, ತಿರುಗಿಸಿ, ಅವನ ಅಂಗೈಯಲ್ಲಿಟ್ಟರು. "ಇದೇ ನಮ್ ತೋಟದ ಕಾಯಿಲೆ. ಪ್ರತಿ ಬೆಳೇಲೂ ಇಲ್ಲಿಂದ್ಲೇ ಶುರು. ನಿನ್ಗೆ ತೋರ್ಸ್ಲಿಲ್ಲ. ಆ ತಂಬಿಗೂ ತೋರ್ಸ್ಲಿಲ್ಲ. ಈಗ ತೋರ್ಸಿದ್ದೀನಿ. ಏನ್ ಮಾಡ್ತೀಯೋ ಮಾಡು."

ಮೈದುನ ಎಲೆಯನ್ನು ಎರಡು ಸಲ ತಿರುಗಿಸಿ ನೋಡಿದ. ಅವನು ಬಾಯಿ ತೆರೆದಾಗ ದನಿ ಒಡೆದಿತ್ತು.

"ಯೋಳಕ್ಕೆ ಏನಾಗಿತ್ತು ಅವ್ವಾ? ಬಂದಾಗೆಲ್ಲಾ ಮೂರು ಸಾಲು ತೋರ್ಸಿ, ಬಾಕ್ಸ್ ಕೈಗೆ ಕೊಟ್ಟು ಕಳ್ಸ್ತೀರಿ. ಎರಡು ತಿಂಗ್ಳಾದ್ಮೇಲೆ ಬೆಳೆ ಓಯ್ತು ಅಂತೀರಿ. ಕಣ್ಣಿಗೆ ಕಾಣೋದೆಲ್ಲಾ ಚೆನ್ನಾಗಿದ್ದು ಬೆಳೆ ಬರಲ್ಲ ಅಂದ್ರೆ ನಾನೇನ್ ಅನ್ಕೊಳ್ಲಿ? ಬಳ್ಳಿಗೇ ವಯಸ್ಸಾಯ್ತು ಅನ್ಕೊಂಡೆ. ನಾನೇನ್ ಆಫೀಸರಾ? ಈ ಮನೆ ಮಗ ತಾನೆ?"

ಅತ್ತೆ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಮಿಲ್ಲಿಗೆ ಹೋದ ಮಗನನ್ನು ನಾವೇ ನೆಂಟನನ್ನಾಗಿ ಮಾಡಿದ್ದೆವು, ಅದೂ ಪ್ರೀತಿಯಿಂದ.

ಅವನು ಶೂ ಬಿಚ್ಚಿ ಬದುವಿನ ಮೇಲಿಟ್ಟ. ಪ್ಯಾಂಟು ಮಂಡಿಯ ತನಕ ಮಡಿಸಿದ. "ಗುದ್ದಲಿ ಎಲ್ಲಿ ಅತ್ತಿಗೆ?" ಎಂದ. ಎಲ್ಲಿ ನೀರು ನಿಲ್ಲುತ್ತದೆ ಎಂದು ಅತ್ತೆ ಕೈ ತೋರಿಸುತ್ತಾ ಹೋದರು, ಅವನು ಅಗೆಯುತ್ತಾ ಹೋದ. ಇಳಿಜಾರು ಎಷ್ಟಿರಬೇಕು ಎಂದು ನಡುನಡುವೆ ನಿಂತು ಫೋನನ್ನು ಕೇಳುತ್ತಿದ್ದ. ಸಂಜೆಯ ಹೊತ್ತಿಗೆ ಮೂಲೆಯಿಂದ ಹಳ್ಳದ ತನಕ ಒಂದು ಕಾಲುವೆ ಬಿದ್ದು, ನಿಂತ ನೀರು ಗುಳುಗುಳು ಹರಿಯಿತು. ಅಂಗೈ ತುಂಬ ಬೊಬ್ಬೆ. ಹೊರಡುವಾಗ ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು. "ಬೆಳೆ ಬರ್ಲಿ ಅವ್ವಾ, ಆಮೇಲೆ ಮಾತಾಡುವ" ಎಂದಷ್ಟೇ ಹೇಳಿ ಹೋದ.

ಕೊಯ್ಲಿಗೆ ಮುಂಚಿನ ಎರಡು ತಿಂಗಳಲ್ಲಿ ಇನ್ನೂ ಎರಡು ಸಲ ಮಳೆ ಹಿಡಿಯಿತು. ಪ್ರತಿ ಸಲವೂ ಫೋನು, ಅತ್ತೆ, ನಾನು ಉಪ್ಪಿನ ಜಾಡಿಯ ಮುಂದೆ ಸಭೆ ಸೇರಿದೆವು. ಮೂಲೆಯ ಐದು ಸಾಲಿನಲ್ಲಿ ಅರ್ಧ ಗೊಂಚಲು ಹೋಯಿತು. ಉಳಿದ ಹದಿನೇಳು ಸಾಲು ನಿಂತವು. ಪೊಂಗಲ್‌ಗೆ ನಾಲ್ಕು ದಿನ ಮುಂಚೆ ಕೊಯ್ಲು ಶುರುವಾದಾಗ ಪ್ರತಿ ಸಾಲಿನಲ್ಲೂ ತಲೆ ಬಗ್ಗಿಸಿಕೊಂಡು ನಡೆಯಬೇಕಾಯಿತು, ಅಷ್ಟು ಗೊಂಚಲು ಇಳಿಬಿದ್ದಿದ್ದವು.

ಕೊಯ್ಲಿನ ಎರಡನೆಯ ದಿನ ಮೈದುನ ಬಂದ. ಬೈಕಿನ ಹಿಂದೆ ಗೋಣಿ ಸುತ್ತಿದ್ದ ಏನೋ ದೊಡ್ಡ ಸುರುಳಿ ಕಟ್ಟಿಕೊಂಡು ಬಂದಿದ್ದ. ಅದನ್ನು ಬಿಚ್ಚಿ ಅಂಗಳದಲ್ಲಿ ಧಡಕ್ಕೆಂದು ಇಳಿಸಿದ. ಹೊಸ ತಂತಿ.

"ಪಂದಲ್ ಕಂಬಿ ತುಕ್ಕಿಡ್ದು ಓಗಿದೆ ಅವ್ವಾ. ಮುಂದಿನ ಕಡ್ಡಿ ಸವರೋದಕ್ಕೆ ಮುಂಚೆ ಬದ್ಲಾಯ್ಸಿಬಿಡುವ" ಎಂದ.

ಅತ್ತೆ ಸುರುಳಿಯ ಹತ್ತಿರ ಹೋಗಿ, ತಂತಿಯ ಮೇಲೆ ಒಮ್ಮೆ ಕೈಯಾಡಿಸಿ, ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದರು. ನನಗೆ ಕುಣಿಯಬೇಕು ಅನ್ನಿಸಿತು. ಕುಣಿಯುವ ವಯಸ್ಸಲ್ಲವಾದ್ದರಿಂದ ಅವನಿಗೆ ಕಳಿಸಲೆಂದು ಆರಿಸಿಟ್ಟಿದ್ದ ಬಾಕ್ಸ್ ಎತ್ತಿಕೊಂಡು ಬಂದೆ. ಮೊದಲ ಸಾಲಿನ ಗೊಂಚಲುಗಳು, ಒಂದಕ್ಕಿಂತ ಒಂದು ಕಪ್ಪು. ಅಷ್ಟರಲ್ಲಿ ಅತ್ತೆ ಮೊರ ಹಿಡಿದು ಹೊರಗೆ ಬಂದರು. ಮೊರದ ತುಂಬ ಉದುರು ಹಣ್ಣು. ಸೀಳಿದ್ದು, ಗುಬ್ಬಿ ಕೊಕ್ಕಿಟ್ಟದ್ದು, ಮೂಲೆಯ ಸಾಲಿನಲ್ಲಿ ಬದುಕಿ ಉಳಿದದ್ದು.

"ಆ ಬಾಕ್ಸ್ ಒಳ್ಗೆ ಇಡು ತಾಯಿ" ಎಂದರು ನನಗೆ. "ಅದು ನೆಂಟ್ರಿಗೆ."

ಮೈದುನ ಮೊರ ನೋಡಿದ, ಅವ್ವನ ಮುಖ ನೋಡಿದ. ಹದಿನಾಲ್ಕು ವರ್ಷದ ಮೇಲೆ ಅವನಿಗೆ ಉದುರು ಹಣ್ಣು ಸಿಕ್ಕಿತ್ತು. ಅಲ್ಲೇ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ನಾವೂ ಸುತ್ತ ಕೂತೆವು. ಅತ್ತೆ ಒಳಗಿಂದ ಫೋನು ತಂದು ಮೊರದ ಅಂಚಿಗೆ ಒರಗಿಸಿದರು. "ಕೊಯ್ಲು ಹೇಗಾಯಿತು?" ಎಂದು ಅದು ಕೇಳಿತು.

"ಮೂಲೆ ಅರ್ಧ ಓಯ್ತು ತಂಬಿ. ಮಿಕ್ಕಿದ್ದು ಚೆನ್ನಾಗದೆ" ಎಂದರು ಅತ್ತೆ. "ನಿನ್ ಅಣ್ಣ ಬಂದವ್ನೆ ನೋಡು."

ಅಣ್ಣನ ಎರಡು ಕೆನ್ನೆಯೂ ಉಬ್ಬಿದ್ದವು, ಗಲ್ಲದ ಮೇಲೆ ರಸ ಇಳಿಯುತ್ತಿತ್ತು. ಅವನು ಅಂಗಳಕ್ಕೆ ಬೀಜ ಉಗಿದು, ಯಾರೂ ಮುಟ್ಟದಂತೆ ಮೊರವನ್ನು ತನ್ನ ಕಡೆಗೆ ಎಳೆದುಕೊಂಡ.